ಗುರುವಾರದ ಬ್ರೌನಿ

ಮಲ್ಲೇಶ್ವರದ ಆ ಬೇಕರಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದ ಅಂಬಿಕ ಅಲ್ಲೇ ನಿಂತುಬಿಟ್ಟಳು.

ಮೂಲೆಯ ಮೇಜಿನಲ್ಲಿ ಕೂತಿದ್ದವನು ಮೌನೇಶ!

ಪಾಂಡವಪುರದ ಅವಳ ಪುಟ್ಟ ಬೇಕರಿಗೆ ಪ್ರತಿ ಗುರುವಾರ ಬಂದು ಒಂದೇ ಒಂದು ಬ್ರೌನಿ ಕಟ್ಟಿಸಿಕೊಂಡು ಹೋಗುವ ಅಕ್ಕಸಾಲಿ ಮೌನೇಶ. ಚೆನ್ನಾಗಿದೆ ಅಂತಲೂ ಹೇಳದವನು, ಚೆನ್ನಾಗಿಲ್ಲ ಅಂತಲೂ ಹೇಳದವನು. ಈಗ ಬೆಂಗಳೂರಿನಲ್ಲಿ ಕೂತು ಯಾರದೋ ಅಂಗಡಿಯ ಬ್ರೌನಿಯನ್ನು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದ.

ಕಣ್ಣು ಮುಚ್ಚಿಕೊಂಡು!

ತಾನು ಮಾಡಿದ್ದನ್ನು ಅವನು ತಿಂದದ್ದನ್ನು ಅಂಬಿಕ ಒಮ್ಮೆಯೂ ಕಂಡಿರಲಿಲ್ಲ. ಅಂಗಡಿಯಲ್ಲಿ ಕೂರಲು ಸ್ಟೂಲಿದ್ದರೂ ‘ಪಾರ್ಸಲ್’ ಎನ್ನುವುದೊಂದೇ ಅವನ ಮಾತು. ಅವಳು ಮೇಜಿನ ಹತ್ತಿರ ಹೋದಳು.

"ಚೆನ್ನಾಗೈತಾ?"

ಮೌನೇಶ ಕಣ್ಣು ಬಿಟ್ಟ. ಕೆಮ್ಮು ಒತ್ತರಿಸಿಕೊಂಡು ಬಂತು. ಕೈಯಲ್ಲಿದ್ದ ತುಂಡನ್ನು ಎಲ್ಲಿಡುವುದೆಂದು ತಿಳಿಯದೆ ಟಿಶ್ಯೂ ಪೇಪರಿನ ಕೆಳಗೆ ಬಚ್ಚಿಟ್ಟ.

"ಅಂಬಿಕ ಅವ್ರೇ... ನೀವು ಇಲ್ಲಿ?"

"ನಾನು ತಿಂಗ್ಳಿಗೊಂದ್ಸಲ ಬತ್ತೀನಿ. ದೊಡ್ ದೊಡ್ ಬೇಕರಿಯೋರು ಎಂಗ್ ಮಾಡ್ತಾವ್ರೆ ಅಂತ ತಿಂದು ನೋಡೋಕೆ. ನೀವು?"

"ಒಡ್ವೆಗೆ ಹಾಲ್‌ಮಾರ್ಕ್ ಹಾಕ್ಸೋಕೆ ಬಂದಿದ್ದೆ..."

"ಈ ಬೇಕರೀಲಿ ಹಾಕ್ತಾರಾ?"

ಅವನ ಕಿವಿಗಳು ಕೆಂಪಾದವು. "ಅಂಗಲ್ಲ... ನಿಮ್ಗೊಂದ್ ಮಾತು ಏಳ್ಬೇಕು ಅಂತಿದ್ದೆ..."

"ಏನೂ ಏಳ್ಬ್ಯಾಡಿ. ನಿಮ್ ದುಡ್ಡು, ನಿಮ್ ಬಾಯಿ!"

ಅಂಬಿಕ ಏನನ್ನೂ ಕೊಳ್ಳದೆ ಹೊರಟಳು. ವಾಪಸ್ ಬರುವ ರೈಲಿನಲ್ಲಿ ಮದ್ದೂರಿನವರೆಗೂ ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಗಿರಾಕಿ ಎಲ್ಲಿ ಬೇಕಾದರೂ ತಿನ್ನಬಹುದು, ಅದಕ್ಕೆ ತಾನು ಉರಿದುಕೊಳ್ಳುವುದೇಕೆ? ಮಾತು ನ್ಯಾಯವಾಗಿಯೇ ಇತ್ತು. ಮಂಡ್ಯ ದಾಟಿದ ಮೇಲೆ ಮತ್ತೆ ಉರಿಯಲು ಶುರುವಾಯಿತು.

ಅವಳ ಕೆಲಸದ ಹೆಮ್ಮೆ ಎಂಥದ್ದು ಅಂತ ಇಲ್ಲಿ ಹೇಳಿಬಿಡಬೇಕು. ಅಂಗಡಿಯ ಗೋಡೆಯ ಮೇಲೆ ಅವಳೇ ಬರೆಸಿ ಹಾಕಿದ ಒಂದು ಬೋರ್ಡಿತ್ತು. ‘ನಮ್ಮ ಕುಕೀಸು, ಬ್ರೌನಿಗೆ ಮೊಟ್ಟೆ ಹಾಕುತ್ತೇವೆ. ಹಾಕದೆ ಮಾಡಿಕೊಡಿ ಎಂದು ಕೇಳಬೇಡಿ.’ ಕೇಳಿ ಕೇಳಿ ಅವಳ ತಲೆ ತಿಂದವರಿಗಾಗಿ ಹಾಕಿದ ಬೋರ್ಡದು. ಮೊಟ್ಟೆಯಿಲ್ಲದ ಬ್ರೌನಿ ಅವಳ ಲೆಕ್ಕದಲ್ಲಿ ಬ್ರೌನಿಯೇ ಅಲ್ಲ.

ಬ್ರೌನಿಯ ಟ್ರೇಯಲ್ಲಿ ಮೂಲೆಯ ತುಂಡು ಎಲ್ಲಕ್ಕಿಂತ ರುಚಿ. ಎರಡು ಕಡೆ ಗರಿಗರಿ, ಒಳಗೆ ಮೆತ್ತಗೆ. ಗುರುವಾರ ಆ ತುಂಡನ್ನು ಅವಳು ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

ಆ ಗುರುವಾರ ಮೌನೇಶ ಬರಲಿಲ್ಲ.

ಸಂಜೆ, ಎದುರುಗಡೆ ಎಳನೀರು ಮಾರುವ ಕುಳ್ಳಯ್ಯ ರಸ್ತೆ ದಾಟಿಕೊಂಡು ಬಂದ.

"ಅಂಬಿಕವ್ವಾ, ಈ ವಾರ ಆಚಾರಪ್ಪ ಬರ್ನಿಲ್ವಾ?"

"ಯಾಕಣ್ಣಾ?"

"ಅಲ್ಲಾ, ಗುರ್ವಾರ ಗುರ್ವಾರ ನಿನ್ ಕೇಕ ನಂಗೇ ಕೊಟ್ಬುಟ್ಟು ಓಯ್ತಿದ್ದ. ಬಾಯಿಗೆ ಅಭ್ಯಾಸ ಆಗೋಗದೆ ಕಣವ್ವಾ!"

ಅಂಬಿಕಳ ಕೈಯಲ್ಲಿದ್ದ ಚಾಕು ಟ್ರೇಯ ಮೇಲೆ ಹಾಗೇ ನಿಂತಿತು. ಇಷ್ಟು ದಿನ... ಒಂದನ್ನೂ ತಿಂದಿಲ್ಲವೇ? ಮೂಲೆಯ ತುಂಡುಗಳೆಲ್ಲ ಕುಳ್ಳಯ್ಯನ ಪಾಲಾದವೇ?

ಕುಳ್ಳಯ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಆ ದಿನದ ತುಂಡನ್ನೂ ಅವನಿಗೇ ಕೊಟ್ಟು ಕಳಿಸಿದಳು.

ಮನೆಯಲ್ಲಿ ಅವ್ವ ಪುಟ್ಟಲಕ್ಷ್ಮಮ್ಮ ಮಗಳ ತಟ್ಟೆಯನ್ನೇ ನೋಡಿದಳು. ಮುದ್ದೆ ಮುರಿದಿರಲಿಲ್ಲ.

"ಒಬ್ಬ ಗಿರಾಕಿ ಬರ್ದೋದ್ರೆ ಅಂಗ್ಡಿ ಮುಚ್ಚೋಯ್ತದಾ? ಉಣ್ಣು."

"ಅವ್ರು ಗಿರಾಕಿ ಅಲ್ಲ ಕಣವ್ವ..."

ಮಾತು ಬಾಯಿಂದ ಜಾರಿಬಿಟ್ಟಿತ್ತು. ಪುಟ್ಟಲಕ್ಷ್ಮಮ್ಮ ಇನ್ನೇನೂ ಕೇಳದೆ ಸಾರು ಬಡಿಸಿದಳು.

ಮಾರನೇ ದಿನ ಬೆಳಿಗ್ಗೆ ಅಂಬಿಕ ಒಂದು ತಟ್ಟೆಯಲ್ಲಿ ಬ್ರೌನಿ ಹಿಡಿದುಕೊಂಡು ಮೌನೇಶನ ಅಂಗಡಿಗೆ ನಡೆದಳು. ಅವನು ಒಂದು ಮೂಗುಬೊಟ್ಟಿನ ಬೆಸುಗೆಯಲ್ಲಿ ಮುಳುಗಿದ್ದ. ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

"ತಿನ್ನಿ."

"ಈಗ್ಲಾ?"

"ಈಗ್ಲೇ. ನನ್ನೆದ್ರಿಗೆ. ಚೆನ್ನಾಗಿಲ್ದೋದ್ರೆ ಉಗೀರಿ, ಬ್ಯಾಸರ ಇಲ್ಲ. ಬೆಂಗಳೂರಿಂದು ಕಣ್ಮುಚ್ಕಂಡು ತಿಂತೀರಿ, ನಂದು ಕುಳ್ಳಯ್ಯಣ್ಣಂಗಾ?"

ಮೌನೇಶ ಅವಳ ಮುಖವನ್ನೇ ನೋಡಿದ. ಎದ್ದು ಕೈ ತೊಳೆದುಕೊಂಡ. ಗೋಡೆಯ ಮೇಲಿದ್ದ ಕಾಳಿಕಾಂಬೆಯ ಪಟದತ್ತ ಒಮ್ಮೆ ತಿರುಗಿ, ಮತ್ತೆ ಬಂದು ಕೂತು ಬ್ರೌನಿ ಎತ್ತಿಕೊಂಡ.

ಕೂದಲೆಳೆಯಂಥ ಚಿನ್ನದ ತಂತಿಯನ್ನೂ ಸಲೀಸಾಗಿ ಎತ್ತುವ ಆ ಕೈ ಅರ್ಧ ದಾರಿಯಲ್ಲಿ ತಡೆದು, ಮತ್ತೆ ಮೇಲೆದ್ದಿತು.

ಯಾಕೆ ತಡೆಯಿತು? ಅಂಬಿಕ ಕೈಯನ್ನು ನೋಡಿದಳು. ಪಟವನ್ನು ನೋಡಿದಳು. ಅವನು ಕ್ಷಮೆ ಕೇಳುವವನಂತೆ ಅತ್ತ ತಿರುಗಿದ್ದು ನೆನಪಾಯಿತು. ತನ್ನ ಅಂಗಡಿಯ ಬೋರ್ಡು ಕಣ್ಣ ಮುಂದೆ ಬಂತು. ಅಯ್ಯೋ ದೇವರೇ...

"ನಿಲ್ಸಿ!"

ಬಾಯಿಯ ಹತ್ತಿರ ಹೋಗಿದ್ದ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೀವು... ಮೊಟ್ಟೆ ತಿನ್ನಲ್ವಾ?"

"ನಮ್ಮನೇಲಿ ಯಾರೂ ತಿನ್ನಲ್ಲ."

"ಮತ್ತೆ ಈಗ ಬಾಯಿಗ್ ಇಟ್ಕಳಕ್ಕೋಗಿದ್ರಲ್ಲಾ!"

"ನೀವು ಅಳ್ತಾ ಇದ್ರಿ."

ತಾನು ಅಳುತ್ತಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ಸೆರಗಿಗಾಗಿ ತಡಕಿದಳು, ಚೂಡಿದಾರ ಹಾಕಿದ್ದಳು. ಮೌನೇಶ ಒಡವೆ ಒರೆಸುವ ಬಟ್ಟೆಯನ್ನೇ ಅವಳತ್ತ ಚಾಚಿದ.

"ಗೋಡೆ ಮ್ಯಾಲೆ ಅಷ್ಟ್ ದೊಡ್ಡ ಬೋರ್ಡೈತೆ, ನೋಡ್ಲಿಲ್ವಾ?"

"ಮೊದಲ್ನೇ ದಿನವೇ ನೋಡ್ದೆ. ರಸ್ತೇಲಿ ಓಯ್ತಿದ್ದೋನ್ನ ವಾಸ್ನೆ ಎಳ್ಕಂಡ್ ಬಂತು. ಬೋರ್ಡ್ ಓದಿ ವಾಪಸ್ ಓಗಾನ ಅನ್ನಷ್ಟ್ರಲ್ಲಿ ನೀವು ‘ಏನ್ ಬೇಕು’ ಅಂದ್ರಿ. ನಿಮ್ಮುಕ ನೋಡಿ ಬಾಯಿ ‘ಬ್ರೌನಿ’ ಅಂದ್ಬುಡ್ತು."

"ಬನ್ನು ಅನ್ಬೋದಿತ್ತು! ಅದುಕ್ ಮೊಟ್ಟೆ ಹಾಕಲ್ಲ."

"ಬನ್ನಾದ್ರೆ ತಟ್ಟಂತ ಕೊಟ್ಬುಡ್ತಿದ್ರಿ. ಬ್ರೌನಿಗೆ ಟ್ರೇ ತೆಗೀಬೇಕು, ಕುಯ್ಬೇಕು, ಪೇಪರ್ ಸುತ್ಬೇಕು... ಅಷ್ಟೊತ್ತು ನಿಂತ್ಕಂಡಿರ್ಬೋದು."

ಅಂಬಿಕಳಿಗೆ ನಗುವೂ ಬಂತು, ಅಳುವೂ ನಿಲ್ಲಲಿಲ್ಲ.

"ಬೆಂಗಳೂರಿಗೆ ಓದಾಗೆಲ್ಲಾ ಬೇಕರಿ ಬೇಕರಿ ಸುತ್ತಿದ್ದೀನಿ," ಅಂದ ಮೌನೇಶ. "ಮೊಟ್ಟೆ ಹಾಕ್ದಿರೋದು ಎಲ್ಲಾದ್ರೂ ಒಂದು ಚೆನ್ನಾಗಿರೋದು ಸಿಕ್ರೆ ತಂದು ನಿಮ್ಮುಂದೆ ಇಟ್ಟು, ಇಂಗೂ ಆಯ್ತದೆ ನೋಡಿ, ನಂಗೊಂದ್ ಮಾಡ್ಕೊಡಿ ಅನ್ನಾನ ಅಂತ. ಇಂದಿರಾನಗರದಲ್ಲಿ ತಿಂದಿದ್ದು ರಬ್ಬರು. ಜಯನಗರದ್ದು ಉದುರೋದ ರವೆ ಉಂಡೆ. ಒಂದ್ಕಡೆ ಕುಕೀಸು ಕಡಿಯೋಕೆ ನನ್ ಸುತ್ಗೆನೇ ಬೇಕಾಗಿತ್ತು."

"ಮಲ್ಲೇಶ್ವರದ್ದು?" ಅವಳ ದನಿಯಲ್ಲಿ ಇನ್ನೂ ಚೂರು ಮುಳ್ಳಿತ್ತು.

"ಅದೊಂದು ಚೆನ್ನಾಗಿತ್ತು. ನಿಮ್ಗೂ ಒಂದು ಕಟ್ಟಕ್ಕೆ ಏಳಿದ್ದೆ. ಅಷ್ಟ್ರಲ್ಲಿ ನೀವೇ ಬಂದ್ರಿ."

"ಕಣ್ಮುಚ್ಕಂಡ್ ತಿಂತಿದ್ರಿ!"

"ನೀವ್ ಮಾಡಿದ್ದು ಅಂದ್ಕಂಡು ತಿಂತಿದ್ದೆ."

ಅವನ ಮಣಿಕಟ್ಟನ್ನು ತಾನು ಇನ್ನೂ ಬಿಟ್ಟಿಲ್ಲವೆಂಬುದು ಆಗ ಅಂಬಿಕಳ ಗಮನಕ್ಕೆ ಬಂತು. ಆಗಲೂ ತಕ್ಷಣ ಬಿಡಲಿಲ್ಲ.

ಭಾನುವಾರ ಇಬ್ಬರೂ ಒಟ್ಟಿಗೆ ಮಲ್ಲೇಶ್ವರಕ್ಕೆ ಹೋದರು. ಅಂಬಿಕ ಒಂದು ತುಂಡನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಳು. "ಮೊಟ್ಟೆ ಬದ್ಲು ಮೊಸ್ರು," ಅಂದಳು ಕೊನೆಗೆ. "ಬೆಣ್ಣೆ ನಮ್ದೇ ವಾಸಿ. ಮೊಸ್ರೂ ನಮ್ದೇ ವಾಸಿ."

ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ಮೊದಲ ಟ್ರೇ ನಡುವೆ ಕುಸಿಯಿತು. ಎರಡನೆಯದನ್ನು ಕುಳ್ಳಯ್ಯನೇ ಬೇಡವೆಂದ. ಅವಳು ಬೈದುಕೊಂಡಳು, ಚೆಲ್ಲಿದಳು, ಮತ್ತೆ ಕಲಸಿದಳು. ಮೌನೇಶ ಕೇಳಿದಾಗಲೆಲ್ಲ, "ಇನ್ನೂ ಇಲ್ಲ. ನಾನ್ ಕರೆಯೋಗಂಟ ಬರ್ಬ್ಯಾಡಿ," ಅಂತ ಗದರಿಸಿ ಕಳಿಸಿದಳು. ಕೆಟ್ಟದ್ದೊಂದು ಅವನ ಬಾಯಿಗೆ ಹೋಗುವುದು ಅವಳಿಗೆ ಬೇಕಿರಲಿಲ್ಲ.

ಕರೆದದ್ದು ಒಂದು ಗುರುವಾರ.

ಮೌನೇಶ ಬಂದಾಗ ಗೋಡೆಯ ಮೇಲೆ ಬೋರ್ಡಿರಲಿಲ್ಲ; ಅದಿದ್ದ ಜಾಗದಲ್ಲಿ ಸುಣ್ಣ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಅವನು ಪಾರ್ಸಲ್ ಅನ್ನಲಿಲ್ಲ. ಸ್ಟೂಲು ಎಳೆದುಕೊಂಡು ಕೂತ. ಅಂಬಿಕ ಹೊಸ ಟ್ರೇ ತೆಗೆದು ಮೂಲೆಯ ತುಂಡು ಕತ್ತರಿಸಿ ಅವನ ಮುಂದಿಟ್ಟಳು.

ಅವನು ಕಚ್ಚಿದ. ನಿಧಾನವಾಗಿ ಅಗಿದ. ಅವಳನ್ನೇ ನೋಡುತ್ತಾ ಪೂರ್ತಿ ತಿಂದ.

"ಕಣ್ಮುಚ್ಕಳ್ನಿಲ್ವಲ್ಲ?" ಅವಳು ಖಾಲಿ ತಟ್ಟೆಯತ್ತ ಬಾಗಿದಳು. "ಚೆನ್ನಾಗಿಲ್ವಾ?"

"ಯಾಕ್ ಮುಚ್ಕಳ್ಳಿ? ಎದ್ರಿಗೇ ಇದ್ದೀರಲ್ಲ."

ಅಂಬಿಕ ತಲೆ ತಗ್ಗಿಸಿ, ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು.

"ಇನ್ನೊಂದು ಪಾರ್ಸಲ್ ಮಾಡಿ," ಅಂದ ಅವನು. "ನಾಗಮಂಗಲದಲ್ಲಿ ನಮ್ಮವ್ವ ಇದ್ದಾಳೆ, ಅವ್ಳಿಗೆ."

"ಗೌಡ್ರ ಹುಡ್ಗಿ ಮಾಡಿದ್ದು... ತಿಂತಾರಾ?"

"ಮದ್ಲು ಒಸಿ ಗೊಣಗ್ತಾಳೆ. ಆಮೇಲೆ ಯಾರ್ ಮಾಡಿದ್ದು ಅಂತ ಕೇಳ್ತಾಳೆ. ಏನ್ ಏಳ್ಲಿ?"

ಅಂಬಿಕ ಬ್ರೌನಿಯನ್ನು ಪೇಪರಿನಲ್ಲಿ ಸುತ್ತಿದಳು. ಯಾವತ್ತಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಸುತ್ತಿದ್ದನ್ನು ಅವನ ಕೈಗೆ ಕೊಡದೆ ತನ್ನ ಬ್ಯಾಗಿನೊಳಗೆ ಇಟ್ಟುಕೊಂಡಳು.

"ನೀವೇನೂ ಏಳ್ಬ್ಯಾಡಿ. ಬಸ್ಸು ಎಷ್ಟೊತ್ಗೈತೆ ನೋಡಿ... ನಾನೇ ಬಂದು ಏಳ್ತೀನಿ."