ತಣ್ಣನೆಯ ಬೀಗದಕೈ

ಎದುರು ಕಟ್ಟಡದ ನೆಲಮಾಳಿಗೆಯಿಂದ ಹೆಂಗಸಿನ ಚೀರಾಟ ಕೇಳಿದಾಗ ಮಧ್ಯಾಹ್ನ ಮೂರು ಗಂಟೆ. ಡ್ರೈವರ್ ಓದುತ್ತಿದ್ದ ಪತ್ರಿಕೆ ಎಸೆದು ಎದ್ದ. ಇಪ್ಪತ್ತೆಂಟು ವರ್ಷ ಆಂಬುಲೆನ್ಸ್ ಓಡಿಸಿ ನಿವೃತ್ತನಾದವನಿಗೆ ಯಾವ ಕೂಗು ಜಗಳದ್ದು, ಯಾವುದು ಜೀವದ್ದು ಎಂದು ಗೊತ್ತಿತ್ತು. ಅವನ ಅಕ್ಕ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದಳು. ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿ ಮೂವತ್ತು ವರ್ಷ ಊರವರ ಸುಳ್ಳುಗಳನ್ನು ಬರೆದುಕೊಂಡವಳು, ಈಗ ಅವನ್ನು ಹಿಡಿಯುವ ಕೆಲಸಕ್ಕೆ ಇಳಿದಿದ್ದಳು. ಠಾಣೆಯವರಿಗೂ ಅದು ರೂಢಿಯಾಗಿತ್ತು.

ಮೆಟ್ಟಿಲ ಬುಡದಲ್ಲಿ ಗುಡುಗು ಬಿದ್ದಿದ್ದ. ಅಲ್ಲಿ ಅಭ್ಯಾಸ ಮಾಡುತ್ತಿದ್ದ ಹಿಪ್‌ಹಾಪ್ ತಂಡದ ದೊಡ್ಡ ದನಿ ಅವನದೇ, ಹೆಸರೂ ಅದರಿಂದಲೇ ಬಂದದ್ದು. ಈಗ ತಲೆಯ ಹಿಂದೆ ರಕ್ತ, ಉಸಿರು ಎಳೆಯುತ್ತಿತ್ತು. ತಂಡದ ಮೂವರ ಹದಿನೈದು ವರ್ಷದ ಗೆಳೆತನದ ಮೇಲೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದ ನಿರ್ದೇಶಕಿ ಗೋಡೆಗೆ ಒರಗಿ ನಿಂತಿದ್ದಳು. ಚೀರಿದ್ದು ಅವಳೇ.

ಗುಡುಗಿನ ಕುತ್ತಿಗೆ ಅಲುಗದಂತೆ ಡ್ರೈವರ್ ಅವನ ತಲೆಯನ್ನು ಹಿಡಿದುಕೊಂಡ. ಅಕ್ಕ ಫೋನ್ ಮಾಡಿ ಕರೆಸಿದ್ದ ಆಂಬುಲೆನ್ಸಿನ ಸದ್ದು ಹತ್ತಿರವಾದಾಗ ಅದನ್ನು ಅಕ್ಕನ ಕೈಗೆ ಒಪ್ಪಿಸಿ, "ನಿಮ್ಮ ವ್ಯಾನ್ ದಾರಿಗಡ್ಡ ನಿಂತಿದೆ. ಕೀ ಕೊಡಿ, ಬೇಗ!" ಎಂದು ಕೂಗಿದ.

ಚಿತ್ರತಂಡದ ಸೌಂಡಿನವನು ಒಳಕೋಣೆಗೆ ಓಡಿ ಕೀ ತಂದು ಅವನ ಅಂಗೈಗೆ ಹಾಕಿದ. ಡ್ರೈವರ್ ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಓಡಿದ. ಹೊರಗೆ ಸುಡುಬಿಸಿಲು, ಕೀ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಯೋಚಿಸಲು ಪುರುಸೊತ್ತಿರಲಿಲ್ಲ. ವ್ಯಾನಿನ ಬೀಗ ತೆಗೆದು, ಅದನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟುಕೊಟ್ಟ.

ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಕ್ಯಾಮೆರಾದ ಮೆಮೊರಿ ಕಾರ್ಡ್ ಮಾಯವಾಗಿತ್ತು. ಕಾಲು ಜಾರಿ ಬಿದ್ದವನು ಕಾರ್ಡ್ ನುಂಗಿರಲಾರ.

"ಎರಡು ಗಂಟೆಗೆ ಗುಡುಗು, 'ನಾನೊಬ್ಬನೇ ಕ್ಯಾಮೆರಾ ಮುಂದೆ ಒಂದು ಮಾತು ಹೇಳಬೇಕು, ಎಲ್ಲರೂ ಹೊರಗೆ ಹೋಗಿ' ಅಂದ," ಎಂದಳು ನಿರ್ದೇಶಕಿ. "ನಾನೂ ಸೌಂಡಿನವರೂ ಮೂಲೆ ಚಹಾದಂಗಡೀಲಿ ಕೂತಿದ್ವಿ. ಮೂರಕ್ಕೆ ವಾಪಸ್ ಬಂದ್ರೆ ಹೀಗೆ ಬಿದ್ದಿದ್ದ." ಅಂಗಡಿಯವನು ಹೌದೆಂದ.

ತಂಡಕ್ಕೆ ತಾಳ ಕಟ್ಟುವವನನ್ನು ಎಲ್ಲರೂ ತಾಳ ಎಂದೇ ಕರೆಯುತ್ತಿದ್ದರು. ಅವನು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಬಿಕ್ಕುತ್ತಿದ್ದ. "ವ್ಯಾನಲ್ಲಿ ಮಲಗಿದ್ದೆ ಸಾರ್. ಚೀರಿದ್ದು ಕೇಳಿ ಎದ್ದು ಓಡಿ ಬಂದೆ."

ಮೂರನೆಯವನು ಗಾಳಿಪಟ; ಉದ್ದನೆಯ ಆಳು, ಎಡಗಾಲು ಕುಂಟು. ತಾರಸಿಯಲ್ಲಿ ಒಬ್ಬನೇ ಇದ್ದನಂತೆ. ನೋಡಿದವರಿಲ್ಲ. ಅವನು ಬೆಳಿಗ್ಗೆ ಕ್ಯಾಮೆರಾ ಮುಂದೆ ಆಡಿದ ಮಾತನ್ನು ನಿರ್ದೇಶಕಿ ಅಳುಕುತ್ತಲೇ ಹೇಳಿದಳು: "ಹನ್ನೊಂದು ವರ್ಷದ ಹಿಂದೆ ಗುಡುಗು ಕಾರು ಗುದ್ದಿಸಿ ನನ್ನ ಕಾಲು ಕುಂಟು ಮಾಡಿದ. ಒಟ್ಟಿಗೆ ಹಾಡ್ತೀನಿ. ಆದರೆ ಅವನು ಓಡಿಸೋ ಗಾಡಿ ಹತ್ತಲ್ಲ, ಅವನನ್ನ ಕ್ಷಮಿಸೋದೂ ಇಲ್ಲ."

"ಕಾರಣ ನೀನೇ ಹೇಳಿದ್ದೀಯಲ್ಲಪ್ಪ. ನಡಿ ಸ್ಟೇಷನ್‌ಗೆ," ಎಂದರು ಇನ್‌ಸ್ಪೆಕ್ಟರ್.

"ಅವನು ಉಳೀತಾನಾ ಸಾರ್? ಅಷ್ಟು ಹೇಳಿ, ಎಲ್ಲಿಗೆ ಬೇಕಾದ್ರೂ ಬರ್ತೀನಿ." ಇವನಲ್ಲ ಎಂದು ಡ್ರೈವರ್‌ನ ಮನಸ್ಸು ಹೇಳುತ್ತಿತ್ತು, ಆದರೆ ಮನಸ್ಸಿನ ಮಾತನ್ನು ಯಾವ ಇನ್‌ಸ್ಪೆಕ್ಟರ್ ಬರೆದುಕೊಳ್ಳುತ್ತಾನೆ?

ಅಕ್ಕ ಒಳಕೋಣೆಯನ್ನು ಸುತ್ತಿ ಬಂದಳು. ಮೂಲೆಯಲ್ಲಿ ಒಂದು ಹಳೆಯ ಫ್ರಿಜ್ಜು ಸದ್ದಿಲ್ಲದೆ ನಿಂತಿತ್ತು. ಪ್ಲಗ್ಗು ಕಿತ್ತು ಬಿದ್ದಿತ್ತು, ಅಡಿಯಲ್ಲಿ ನೀರು ಹರಡಿತ್ತು. "ಏನೋ, ಆಗ ಅಂಗೈ ಒರೆಸಿಕೊಂಡೆಯಲ್ಲ, ಯಾಕೆ?" ಎಂದು ತಮ್ಮನನ್ನು ಕೇಳಿದಳು.

"ಕೀ ತಣ್ಣಗಿತ್ತು ಅಕ್ಕ."

ಅವಳು ಎಲ್ಲರನ್ನೂ ಆ ಕೋಣೆಯಲ್ಲೇ ಕೂರಿಸಿದಳು. "ಸೌಂಡಿನವರೇ, ಫ್ರಿಜ್ಜು ಆರಿಸಿದ್ದು ನೀವಲ್ವಾ?"

"ಹೌದಮ್ಮ. ಅದರ ಗುಂಯ್ ಅನ್ನೋ ಸದ್ದು ಮಾತಿನ ಜೊತೆ ಸೇರುತ್ತೆ. ಹಾಗಾಗಿ ಎಲ್ಲಿ ಹೋದರೂ ಆರಿಸ್ತೀವಿ."

"ಮತ್ತೆ ಹಾಕೋದು ಮರೆತರೆ?"

"ಮರೆಯೋಕೆ ಆಗಲ್ಲ. ವ್ಯಾನ್ ಕೀ ಅದರೊಳಗೇ ಇಟ್ಟಿರ್ತೀನಿ. ಮನೆಗೆ ಹೋಗಬೇಕಾದ್ರೆ ಫ್ರಿಜ್ಜು ತೆಗೀಲೇಬೇಕು. ನಮ್ಮ ಕಸುಬಿನವರ ಹಳೇ ಉಪಾಯ."

"ಇವತ್ತು ಯಾವಾಗ ಇಟ್ರಿ? ಇನ್ನೊಂದು ಕೀ ಇದೆಯಾ?"

"ಬೆಳಿಗ್ಗೇನೇ, ವ್ಯಾನ್ ಬೀಗ ಹಾಕಿ ಬಂದು ಇಟ್ಟೆ. ಇರೋದೇ ಒಂದು."

ಅಕ್ಕ ತಮ್ಮನ ಕಡೆ ತಿರುಗಿದಳು. "ವ್ಯಾನ್ ಬೀಗ ತೆಗೆದವನು ನೀನು. ಯಾವುದಾದ್ರೂ ಬಾಗಿಲು ತೆರೆದಿತ್ತಾ?"

"ಒಂದೂ ಇಲ್ಲ."

ಅಕ್ಕ ತಾಳನ ಮುಂದೆ ಹೋಗಿ ನಿಂತಳು. "ಕೀ ಅಷ್ಟು ತಣ್ಣಗಿತ್ತು ಅಂದ್ರೆ ಬೆಳಿಗ್ಗೆಯಿಂದ ಫ್ರಿಜ್ಜಿನೊಳಗೇ ಇತ್ತು. ತಾಳ, ಬೀಗ ಹಾಕಿದ ವ್ಯಾನಿನೊಳಗೆ ಹೇಗಪ್ಪ ಮಲಗಿದ್ದೆ? ಚೀರಿದ್ದು ಕೇಳಿ ಓಡಿ ಬಂದವನು ಕೀ ಇಲ್ಲದೆ ಹೇಗೆ ಬೀಗ ಹಾಕಿದೆ? ಎಲ್ಲೋ ಸುತ್ತಾಡ್ತಿದ್ದೆ ಅಂದಿದ್ರೆ ನಂಬ್ತಿದ್ದೆ. ಸುಳ್ಳಿಗೆ ಮರೆ ಬೇಕು ಅಂತ ವ್ಯಾನ್ ಹೇಳಿದೆ. ಆ ಕೀ ಎಲ್ಲಿರುತ್ತೆ ಅಂತ ನಿನಗೆ ಗೊತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ಗುಡುಗು ಹೇಳಿದ್ದನ್ನ ಕೇಳಿದೆ, ಕಾರ್ಡ್ ಕಿತ್ಕೊಂಡೆ. ಅವನು ಮೆಟ್ಟಿಲವರೆಗೂ ಬೆನ್ನು ಹತ್ತಿದ. ತಳ್ಳಿದೆ."

ಇನ್‌ಸ್ಪೆಕ್ಟರ್ ಸನ್ನೆ ಮಾಡಿದಾಗ ಪೇದೆ ತಾಳನ ಜೇಬು ತಡಕಿ, ಟೋಪಿ ತೆಗೆದ. ಒಳಮಡಿಕೆಯಲ್ಲಿ ಕಾರ್ಡ್ ಸಿಕ್ಕಿತು.

"ಬಿಡಿಸ್ಕೊಳ್ಳೋಕೆ ತಳ್ಳಿದೆ, ಬೀಳ್ತಾನೆ ಅಂದ್ಕೊಂಡಿರ್ಲಿಲ್ಲ," ಎಂದ ತಾಳ. "ಕಾರ್ಡ್ ಮುರಿಯೋಕೂ ಕೈ ಬರ್ಲಿಲ್ಲ. ಅದ್ರಲ್ಲಿ ಅವನ ಮುಖ ಇತ್ತು."

"ಎಷ್ಟು ಹೊತ್ತಿಗೆ ಬಿದ್ದ?" ಡ್ರೈವರ್ ಗದರಿದ.

"ಎರಡೂವರೆ."

ಅರ್ಧ ಗಂಟೆ. ಅರ್ಧ ಗಂಟೆಯಲ್ಲಿ ಎಷ್ಟು ಜೀವ ಉಳಿಯುತ್ತವೆ, ಎಷ್ಟು ಹೋಗುತ್ತವೆ ಎಂದು ಡ್ರೈವರ್‌ಗೆ ಗೊತ್ತಿತ್ತು.

ನಿರ್ದೇಶಕಿ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿದಳು. ಪುಟ್ಟ ಪರದೆಯ ಮೇಲೆ ಗುಡುಗು ತಲೆ ತಗ್ಗಿಸಿ ಕೂತಿದ್ದ. ಅಷ್ಟು ದೊಡ್ಡ ದನಿಯವನು ಪಿಸುಗುಟ್ಟುತ್ತಿದ್ದ.

"ಗಾಳಿಪಟ, ಆವತ್ತು ನೀನು ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಿದ್ದೆ. ಕಾರು ಓಡಿಸಿದ್ದು ನಾನಲ್ಲ, ತಾಳ. ಕುಡಿದಿದ್ದ. ನಿಜ ಹೇಳಿದ್ರೆ ತಂಡ ಒಡೀತಿತ್ತು, ಅದಕ್ಕೇ ನಾನೇ ಅಂತ ಒಪ್ಕೊಂಡುಬಿಟ್ಟೆ. ನನ್ನ ಮೇಲೆ ಎಷ್ಟೇ ಸಿಟ್ಟು ಬಂದ್ರೂ ನೀನು ತಂಡ ಬಿಟ್ಟು ಹೋಗಲ್ಲ ಅಂತ ಗೊತ್ತಿತ್ತು. ಆದರೆ ಗೆಳೆತನದ ಸಿನಿಮಾದಲ್ಲೂ ಸುಳ್ಳು ಹೇಳೋಕೆ ಆಗ್ತಿಲ್ಲ ಕಣೋ."

ಗಾಳಿಪಟ ಪರದೆಯನ್ನೇ ನೋಡುತ್ತಾ ನಿಂತ. ತಾಳನ ಕಡೆ ತಿರುಗಿಯೂ ನೋಡಲಿಲ್ಲ. "ಅಣ್ಣಾ, ಆಸ್ಪತ್ರೆಗೆ ಬಿಡ್ತೀರಾ?" ಎಂದು ಡ್ರೈವರ್‌ನನ್ನು ಕೇಳಿದ.

ವ್ಯಾನ್ ಒಯ್ಯಿರಿ ಎಂದು ಸೌಂಡಿನವನು ತಲೆಯಾಡಿಸಿದ. ಡ್ರೈವರ್ ಗಾಳಿಪಟನನ್ನು ಅದೇ ವ್ಯಾನಿಗೆ ಹತ್ತಿಸಿಕೊಂಡ. ವ್ಯಾನ್ ಎರಡು ಬೀದಿ ದಾಟಿತು.

"ಹನ್ನೊಂದು ವರ್ಷ ಗುಡುಗು ಓಡಿಸೋ ಗಾಡಿ ಹತ್ತಲಿಲ್ಲ ಅಣ್ಣಾ," ಎಂದ ಗಾಳಿಪಟ. "ಎದ್ದು ಬರ್ಲಿ. ಮುಂದಿನ ಸೀಟಲ್ಲೇ ಕೂತ್ಕೋತೀನಿ. ಬರ್ತಾನಲ್ವಾ?"

ಎಳೆಯುತ್ತಿದ್ದ ಆ ಉಸಿರನ್ನು ಡ್ರೈವರ್ ಹತ್ತಿರದಿಂದ ಕೇಳಿದ್ದ. ವ್ಯಾನನ್ನು ಇನ್ನಷ್ಟು ಜೋರಾಗಿ ಓಡಿಸಿದ.