ದಿಕ್ಕಿನ ಜೋಡಿ ತಂತಿ

ಎಳ್ಳಮಾವಾಸ್ಯೆಯ ಮರುದಿನ, ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಬಾಗಿಲು ಕಾರ್ಖಾನೆಯ ಮಾಲೀಕ ನಿಜಗುಣಪ್ಪ ಬೈಲಹೊಂಗಲ ಠಾಣೆಗೆ ಬಂದ. ಆಳಿನ ಕೈ ಜಜ್ಜಿಹೋದದ್ದನ್ನು ಒಂದೇ ಮಾತಿನಲ್ಲಿ ಮುಗಿಸಿ, ಮಶೀನು ನಿಂತುಹೋದದ್ದನ್ನು ಕಾಲು ಗಂಟೆ ಹೇಳಿದ. ಮನುಷ್ಯ ಎಂಥವನೆಂದು ಪಿಎಸ್‌ಐ ಅನ್ನಪೂರ್ಣಾಗೆ ಅಲ್ಲಿಗೇ ಅರ್ಥವಾಯಿತು.

ಬಾಗಿಲುಗಳ ಮೇಲೆ ಹೂಬಳ್ಳಿ ಕೆತ್ತುವ ಕಂಪ್ಯೂಟರ್ ಮಶೀನು ಅದು. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಕಟರ್ ಹೊತ್ತ ಕಬ್ಬಿಣದ ತೊಲೆ ಹಿಂದಕ್ಕೆ ಸರಿದು ತನ್ನ ಮೂಲೆ ಸೇರಬೇಕು. ಇಂದು ಮುಂದಕ್ಕೆ ನುಗ್ಗಿತ್ತು. ಮುಂದೆ ನಿಂತು ಹಲಗೆ ಬಿಗಿಯುತ್ತಿದ್ದ ಸಂಗೊಳ್ಳಿಯ ಸಿದ್ದರಾಮನ ಬಲಗೈ ತೊಲೆಗೂ ಹಲಗೆಗೂ ನಡುವೆ ಸಿಕ್ಕಿತ್ತು.

"ಯಾರ ಮ್ಯಾಲ ಸಂಶಯ ಐತಿ?" ಅನ್ನಪೂರ್ಣಾ ಕೇಳಿದಳು.

"ರಾಮದುರ್ಗದ ಗುರುನಾಥ ಅಂತ, ಲೈಟಿನ ಕೆಲಸದಾಂವ. ಜಗಳಾಡಿ ಬಿಟ್ಟ ಹೋಗಿದ್ದ. ನಿನ್ನೆ ಅಮಾಸಿ ಪೂಜಾ ಮುಗದ ಮ್ಯಾಲ ತನ್ನ ಸಾಮಾನ ಒಯ್ಯಾಕ ಬಂದಿದ್ದ. ಒಳಗ ಒಬ್ಬನ ಇದ್ದ. ಬ್ಯಾರೆ ಯಾರ ಮಾಡ್ತಾರ್ರಿ?"

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಗುರುನಾಥನನ್ನು ರಾಮದುರ್ಗದಿಂದ ಕರೆತಂದು ಬೆಂಚಿನ ಮೇಲೆ ಕೂರಿಸಿದರು. "ಮಶೀನಿನ ಕಂಟ್ರೋಲ್ ಡಬ್ಬಿ ನಾ ಮುಟ್ಟಿಲ್ರಿ" ಎಂಬುದೊಂದೇ ಅವನ ಮಾತು. ಠಾಣೆಯ ಬೆಂಚಿನ ಮೇಲೆ ಎಲ್ಲರೂ ಹೇಳುವ ಮಾತು ಅದೇ ಆದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡು ಗಂಟೆಗೆ ಕಾರ್ಖಾನೆಯಲ್ಲಿ ಪಂಚನಾಮೆ ಶುರುವಾಯಿತು. ಮಶೀನಿನ ಪಕ್ಕದ ಕಂಟ್ರೋಲ್ ಡಬ್ಬಿಯ ಫೋಟೋ ತೆಗೆದ ಪೇದೆ ಲಗಮಪ್ಪ, ಅದರ ಬಾಗಿಲಿಗೆ ಕೈಹಾಕಲು ಹಿಂದೆ ಮುಂದೆ ನೋಡಿದ. ಎರಡೂ ಕದಗಳನ್ನು ಕೂಡಿಸಿ ಮೂರು ಬೆರಳಿನ ವಿಭೂತಿ ಎಳೆದಿತ್ತು.

"ಪೂಜಾದಾಗ ನಾನ ಹಚ್ಚಿದ್ದು. ತಗೀರಿ, ಏನಾಗಂಗಿಲ್ಲ" ಎಂದ ನಿಜಗುಣಪ್ಪ.

ಕದ ತೆರೆದಾಗ ಒಣಗಿದ ವಿಭೂತಿ ಸಂದಿಯುದ್ದಕ್ಕೂ ಬಿರಿದು ಉದುರಿತು. ಒಳಗಿನ ತಂತಿಗಳ ಗೋಜಲು ಕಂಡು ಪಂಚರು ಮುಖ ಮುಖ ನೋಡಿಕೊಂಡರು. ವಿವರಿಸಲು ನಿಜಗುಣಪ್ಪನ ಮಗಳು ಶೈಲಜಾಳನ್ನೇ ಕರೆಯಬೇಕಾಯಿತು. ಡಿಪ್ಲೊಮಾ ಓದಿದವಳು, ಮಶೀನು ನಡೆಸುವವಳೂ ಅವಳೇ.

"ಇದು ಸರ್ವೋ ಡ್ರೈವ್ರಿ. ಮೋಟರ್ ತಿರಗ್ಸೂದು ಇದ. ಇದಕ್ಕ ಎರಡ ಜೋಡಿ ತಂತಿ ಬರ್ತಾವ. ಒಂದ ಜೋಡಿ ಪಲ್ಸ್, ಎಷ್ಟ ತಿರಗಬೇಕು ಅಂತ ಹೇಳತೈತಿ. ಇನ್ನೊಂದ ಜೋಡಿ ಯಾ ದಿಕ್ಕಿಗೆ ಅಂತ ಹೇಳತೈತಿ." ಅವಳ ಬೆರಳು ನೇರವಾಗಿ ಎರಡು ಸಣ್ಣ ತಂತಿಗಳ ಮೇಲೆ ನಿಂತಿತು. "ಈ ದಿಕ್ಕಿನ ಜೋಡಿ ಅದಲಬದಲ ಆಗೇತಿ."

ಮೀಟರ್ ಹಿಡಿಯಲಿಲ್ಲ, ಬ್ಯಾಟರಿಯ ಬೆಳಕು ಬಿಡಲಿಲ್ಲ. ಅನ್ನಪೂರ್ಣಾ ಅದನ್ನು ಗಮನಿಸಿದಳು.

ನಿಜಗುಣಪ್ಪನಿಗೆ ಮಗಳ ಮೇಲೆ ಅಭಿಮಾನ ಉಕ್ಕಿತು. "ನೋಡಿದ್ರಿ? ಧಾರವಾಡದ ಫ್ಯಾಕ್ಟರಿಯವರು ನೌಕರಿಗೆ ಕರ್ಯಾಕ ಹತ್ಯಾರ. ನಾ ಎಲ್ಲಿ ಬಿಡ್ತೇನ್ರಿ? ಬಂದ ವರಾನೂ ತಿರುಗಿ ಕಳಸೇನಿ. ಮಶೀನ ಇರೂತನಕ ಅಕಿ ಇಲ್ಲೇ!" ಎಂದು ದೊಡ್ಡದಾಗಿ ನಕ್ಕ. ಶೈಲಜಾ ತಲೆ ಎತ್ತಲಿಲ್ಲ.

ಠಾಣೆಗೆ ಮರಳಿದ ಅನ್ನಪೂರ್ಣಾ ಲಗಮಪ್ಪನ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಕದ ತೆರೆಯುವ ಮೊದಲು ಮೂರೂ ಗೆರೆ ಇಡಿಯಾಗಿದ್ದವು. ಪೂಜೆಯ ನಂತರ ಆ ಡಬ್ಬಿಯನ್ನು ಯಾರೂ ತೆರೆದಿಲ್ಲ. ಗುರುನಾಥ ಬಂದದ್ದು ಪೂಜೆ ಮುಗಿದ ಮೇಲೆ. ಅವನಿಗೆ ಚಹಾ ಕುಡಿಸಿ ಮನೆಗೆ ಕಳಿಸಲು ಹೇಳಿದಳು.

ಬುಧವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದಳು. ಸಿದ್ದರಾಮನ ಮೂರು ಬೆರಳು ತೆಗೆದುಹಾಕಿದ್ದರು.

"ಮಶೀನಿನ ಮುಂದ ಯಾಕ ನಿಂತಿದ್ದಿ?"

"ದಿನಾ ಹಿಂದಕ್ಕ ಹೋಗತಿತ್ತಲ್ರಿ. ಅದು ಹೋಗಿ ಬರೂದ್ರಾಗ ಹಲಗಿ ಬಿಗದ ಬಿಡ್ತಿದ್ದೆ."

"ಚಾಲೂ ಮಾಡೂದು ನೀನ?"

"ಇಲ್ರಿ, ಶೈಲಜಾ ಅಕ್ಕಾರು. ಅವತ್ತ ಸಾವಕಾರ್ರು ಗಡಬಡಿ ಮಾಡಿದ್ರು. ಅಕಿ ಬರೂತನಕ ಯಾಕ ಕಾಯ್ತಿ, ನೀನ ಬಟನ್ ಒತ್ತು ಅಂದ್ರು."

"ಪೂಜಾಕ್ಕಿಂತ ಮೊದಲ ಡಬ್ಬಿ ಯಾರ ತಗದಿದ್ರು?"

"ಅಕ್ಕಾರ ರೀ. ಅಮಾಸಿ ಮುಂಜಾನಿ ಮಶೀನ ಛಲೋನ ಇತ್ತು. ಮಧ್ಯಾಹ್ನ ನಾವೆಲ್ಲಾ ಭೂಮಿತಾಯಿಗೆ ಚರಗಾ ಚೆಲ್ಲಾಕ ಹೊಲಕ್ಕ ಹೋದ್ವಿ. ಸಂಜಿ ಪೂಜಾಕ್ಕ ಡಬ್ಬಿ ಧೂಳ ತಗೀತೇನಿ ಅಂತ ಅವರೊಬ್ಬರ ಉಳದ್ರು." ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. "ಅವರ ಭಾಳ ಒಳ್ಳೇರ್ರಿ, ಮೇಡಂ."

ಹನ್ನೊಂದರ ಹೊತ್ತಿಗೆ ಜೀಪು ಕಾರ್ಖಾನೆಯ ಮುಂದೆ ನಿಂತಿತು. ಶೈಲಜಾ ತಂತಿಗಳನ್ನು ಸರಿಮಾಡಲು ಅಪ್ಪನ ಅಪ್ಪಣೆಯಂತೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಳು.

"ನಾನ ಚಾಲೂ ಮಾಡಾಕಿದ್ದೆ" ಎಂದಳು, ಯಾರೂ ಏನೂ ಕೇಳುವ ಮೊದಲೇ. "ಉಲ್ಟಾ ಓಡಿ ತೊಲಿ ಬಡದ ಮುರೀಲಿ, ಮತ್ತ ಎದ್ದೇಳಬಾರ್ದು ಅಂದಿದ್ದೆ. ನೌಕರಿಗಂತ ಹೊಂಟಾಗ ಎರಡ ಸಲ ಅಪ್ಪಾ ನನ್ನ ಬಸ್‌ಸ್ಟ್ಯಾಂಡಿನಿಂದ ಮಂದಿ ಮುಂದ ಎಳಕೊಂಡ ಬಂದಾರ್ರಿ. ಮಶೀನ ಇರೂತನಕ ಅಂದ್ರಲ್ಲ, ಮಶೀನ ಇಲ್ಲದಂಗಾದ್ರ ಬಿಡ್ತಾರ ಅಂತ..." ಸ್ಕ್ರೂಡ್ರೈವರನ್ನು ನೆಲಕ್ಕಿಟ್ಟಳು. "ಸಿದ್ದನ ಬೆರಳು ಉಳದಾವೇನ್ರಿ?"

ಅನ್ನಪೂರ್ಣಾ ಇಲ್ಲವೆಂದು ತಲೆಯಾಡಿಸಿದಳು. ಹುಡುಗಿ ಸೆರಗು ಬಾಯಿಗೊತ್ತಿ ಅತ್ತಳು. ಅನ್ನಪೂರ್ಣಾಗೆ ಕನಿಕರವೂ ಬಂತು, ಸಿಟ್ಟೂ ಬಂತು. ಕಾನೂನಿನ ಯಾವ ಕಲಮಿಗೂ ಸಿಗದವನ ಮೇಲೆ ಬಂದ ಸಿಟ್ಟು ಅದು.

ಭಾರತೀಯ ನ್ಯಾಯ ಸಂಹಿತೆಯ ಕಲಂ 125(ಬಿ) ಅಡಿ ಬಂಧನವಾಯಿತು. ಜಾಮೀನು ಸಿಗುವ ಅಪರಾಧ. ನಿಜಗುಣಪ್ಪ ಜೀಪಿನ ಬೆನ್ನಿಗೇ ಠಾಣೆಗೆ ಬಂದಿದ್ದ.

"ಜಾಮೀನಿಗೆ ನಾ ನಿಂದರತೇನ್ರಿ. ಮನಿ ಮಾತು ಮನ್ಯಾಗ ಮುಗಸ್ತೇವಿ. ಈಗ ಬಿಟ್ರ ಸಂಜಿಯೊಳಗ ಮಶೀನ ಚಾಲೂ ಮಾಡ್ತಾಳ."

ಅನ್ನಪೂರ್ಣಾ ಜಾಮೀನಿನ ಮುಚ್ಚಳಿಕೆಯ ಕಾಗದವನ್ನು ಶೈಲಜಾಳ ಮುಂದೆ ಸರಿಸಿದಳು.

"ಸಹಿ ಮಾಡಲಿಲ್ಲಂದ್ರ ಏನಾಗತೈತ್ರಿ?"

"ಕೋರ್ಟಿಗೆ ಒಯ್ತೇವಿ. ಅಲ್ಲೂ ಒಲ್ಲೆ ಅಂದ್ರ ಬೆಳಗಾವಿ ಜೈಲು. ವಿಚಾರ ಮಾಡವ್ವಾ."

ಶೈಲಜಾ ಅಪ್ಪನ ಕಡೆ ಒಮ್ಮೆ ನೋಡಿದಳು. ಅವನಾಗಲೇ ಫೋನಿನಲ್ಲಿ ಯಾರಿಗೋ, ಬಾಗಿಲು ನಾಳೆ ಸಿಗುತ್ತದೆಂದು ಹೇಳುತ್ತಿದ್ದ. ಅವಳು ಕಾಗದವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ಬೆಳಗಾವಿಗೇ ಕಳಸ್ರಿ, ಮೇಡಂ."

ಡಿಪ್ಲೊಮಾ ಮುಗಿಸಿ ಬಂದ ಮೇಲೆ ಅವಳು ಆ ಮನೆಯ ಹೊರಗೆ ರಾತ್ರಿ ಕಳೆದದ್ದು ಅಂದೇ ಮೊದಲು.