ಗಿಟಾರಿನೊಳಗಿನ ರೊಟ್ಟಿ ಸದ್ದು

೧೯೯೬ರಲ್ಲಿ, ಶಿಕಾರಿಪುರದ ಮನೆಯಲ್ಲಿ, ನನ್ನ ಅಗ್ಗದ ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ನಾದ ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್ ಕಿರುಚಿ ಪ್ರಾಣ ತಿನ್ನುತ್ತಿತ್ತು. ಅದನ್ನು ಬಿಚ್ಚಿ, ಕರಗಿದ ಮೇಣದಲ್ಲಿ ಅದ್ದಿ, ಮತ್ತೆ ಕೂರಿಸಿದೆ. ಕಿರುಚಾಟ ನಿಂತಿತು. ಆದರೆ ಸ್ಪೀಕರಿನಿಂದ ರೊಟ್ಟಿ ತಟ್ಟುವ ಸದ್ದು ಬಂತು: ಮೂರು ಪೆಟ್ಟು, ಆಮೇಲೆ ಬಳೆ ಹಿಂದಕ್ಕೆ ಸರಿಸಿದ ಕಿಣಿಕಿಣಿ.

ಹಿತ್ತಲಿಂದ ಬಂದ ಅವ್ವ, “ಗಂಗಾ ಸೊರಬದಿಂದ ಯಾವಾಗ ಬಂದ್ಲೋ?” ಎಂದಳು.

ಸೊರಬಕ್ಕೆ ಕೊಟ್ಟಿದ್ದ ನನ್ನ ತಂಗಿ ಗಂಗಾ ರೊಟ್ಟಿ ತಟ್ಟುವುದು ಹಾಗೆಯೇ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ಅವಳಿಗೇನಾಯಿತೋ ಎಂದು ಸ್ಪೀಕರನ್ನೂ ಆರಿಸದೆ ಬೀಗ ಹಾಕಿ ಸೊರಬದ ಬಸ್ಸು ಹತ್ತಿದೆವು. ಗಂಗಾ ತನ್ನ ಮನೆಯಲ್ಲಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು, ಸದ್ದೇ ಇರಲಿಲ್ಲ. ನಮ್ಮನ್ನು ಕಂಡು ನಗುತ್ತ ಏನೋ ಹೇಳಿದಳು, ತುಟಿಯಷ್ಟೇ ಆಡಿತು.

ಊರಿಗೆ ಮರಳಿದಾಗ ಪಕ್ಕದ ಮನೆಯ ಹುಚ್ಚಮ್ಮ ಅವ್ವನನ್ನು ತರಾಟೆಗೆ ತೆಗೆದುಕೊಂಡರು: “ಏನ್ರೀ, ಮಗಳನ್ನ ಒಳಗೆ ಬಿಟ್ಟು ಬೀಗ ಹಾಕ್ಕಂಡು ಹೋಗಾದಾ? ‘ಅವ್ವಾ ಬಾ, ಕುಂತ್ಕ’ ಅಂತ ಆವಾಗಿಂದ ಕರೀತಾನೆ ಐತೆ, ಪಾಪ!”